ಕಾರ್ಡಿನಲ್ಲಿ ‘ಬ್ಲ್ಯಾಕ್ ಟೈ’ ಎಂದಿದೆ: ಬೆಂಗಳೂರಿನಲ್ಲಿ ಹೊಲಿಸಿದ ಸೂಟು ಲಂಡನ್ನಿನ ಊಟಕ್ಕೆ ನಡೆಯುತ್ತದೆಯೇ?

ನೀಲಿಕೋಟು

ಡಿಸೆಂಬರ್ ಎರಡನೇ ವಾರ ಲಂಡನ್ನಿನಲ್ಲಿ ಒಂದು ವೃತ್ತಿಪರ ಸಂಘದ ವಾರ್ಷಿಕ ಭೋಜನಕೂಟವಿದೆ. ಕಾರ್ಡಿನಲ್ಲಿರುವುದು ಇಷ್ಟು: ‘6.30 ಫಾರ್ 7.00. ಬ್ಲ್ಯಾಕ್ ಟೈ ಆರ್ ನ್ಯಾಷನಲ್ ಡ್ರೆಸ್. ಕ್ಯಾರೇಜಸ್ ಅಟ್ 11.00.’ ಜನವರಿಯಲ್ಲಿ ಬೆಂಗಳೂರಿನಲ್ಲಿ ಹತ್ತಿರದ ಸಂಬಂಧಿಕರ ಮದುವೆ ರಿಸೆಪ್ಷನ್. ಎರಡಕ್ಕೂ ಆಗುವಂತೆ ಒಂದೇ ಸೂಟು ಹೊಲಿಸಬಹುದೇ? ಅಂಗಡಿಯಲ್ಲಿ ಕರಿ ಸ್ಯಾಟಿನ್ ಪಟ್ಟಿ ಇರುವ ಕಡುನೀಲಿ ‘ಟಕ್ಸಿಡೊ’ ತೋರಿಸಿ, ಇದೇ ಬ್ಲ್ಯಾಕ್ ಟೈ ಎನ್ನುತ್ತಿದ್ದಾರೆ. ಕೈಯಲ್ಲಿ ಏಳು ವಾರ ಇದೆ. ತಿಳಿದವರು ದಯವಿಟ್ಟು ಹೇಳಿ.

ಸೂಜಿದಾರ

ಮೊದಲು ಕಾರ್ಡನ್ನೇ ನಿಧಾನವಾಗಿ ಓದೋಣ ಸರ್, ಅರ್ಧ ಉತ್ತರ ಅದರಲ್ಲೇ ಇದೆ. ‘6.30 ಫಾರ್ 7.00’ ಅಂದರೆ ಆರೂವರೆಗೆ ಬಾಗಿಲು ತೆರೆದು ಪಾನೀಯ ಕೊಡುತ್ತಾರೆ, ಏಳಕ್ಕೆ ಎಲ್ಲರೂ ಊಟದ ಮೇಜಿನ ಮುಂದೆ ಕೂತಿರಬೇಕು. ‘ಕ್ಯಾರೇಜಸ್ ಅಟ್ 11.00’ ಅಂದರೆ ಹನ್ನೊಂದಕ್ಕೆ ಮುಗಿಯುತ್ತದೆ, ಆ ಹೊತ್ತಿಗೆ ನಿಮ್ಮ ಗಾಡಿಗೆ ಹೇಳಿಟ್ಟುಕೊಳ್ಳಿ ಎಂದು. ಕುದುರೆ ಗಾಡಿಯ ಕಾಲದ ಮಾತು ಹಾಗೇ ಉಳಿದುಕೊಂಡಿದೆ. ನಾಲ್ಕೂವರೆ ಗಂಟೆ, ಅದರಲ್ಲಿ ಹೆಚ್ಚಿನ ಪಾಲು ಕೂತುಕೊಂಡು. ಹೊಲಿಸುವಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ, ಮರೆಯಬೇಡಿ.

ಇನ್ನು ‘ಬ್ಲ್ಯಾಕ್ ಟೈ’. ಕರಿ ಸೂಟಿಗೆ ಕರಿ ಟೈ ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ತುಂಬಾ ಜನ ಮಾಡುವ ತಪ್ಪು. ಅದು ಟೈಯ ಬಣ್ಣದ ಮಾತಲ್ಲ, ಒಂದು ಪೂರ್ತಿ ಉಡುಪಿನ ಹೆಸರು. ಇಂಗ್ಲೆಂಡಿನಲ್ಲಿ ಅದಕ್ಕೆ ಡಿನ್ನರ್ ಜಾಕೆಟ್ ಎನ್ನುತ್ತಾರೆ, ಅಮೆರಿಕದಲ್ಲಿ ಟಕ್ಸಿಡೊ. 1865ರಲ್ಲಿ ಲಂಡನ್ನಿನ ಸ್ಯಾವಿಲ್ ರೋ ಎಂಬ ದರ್ಜಿಗಳ ಬೀದಿಯ ಹೆನ್ರಿ ಪೂಲ್ ಅಂಗಡಿಯವರು ವೇಲ್ಸ್ ರಾಜಕುಮಾರನಿಗೆ ಸ್ಯಾಂಡ್ರಿಂಗ್‌ಹ್ಯಾಮ್ ಮನೆಯಲ್ಲಿ ಆರಾಮಾಗಿ ಊಟಕ್ಕೆ ಕೂರಲು ಬಾಲವಿಲ್ಲದ ಗಿಡ್ಡ ಕೋಟು ಹೊಲಿದುಕೊಟ್ಟರು. 1886ರ ಹೊತ್ತಿಗೆ ಅದು ನ್ಯೂಯಾರ್ಕ್ ಬಳಿಯ ಟಕ್ಸಿಡೊ ಪಾರ್ಕ್ ಎಂಬಲ್ಲಿಗೆ ಹೋಗಿ ಆ ಊರಿನ ಹೆಸರನ್ನೇ ಪಡೆಯಿತು. ಅಂದರೆ ಇದು ರಾತ್ರಿ ಊಟಕ್ಕಾಗಿಯೇ ಹುಟ್ಟಿದ ಬಟ್ಟೆ. ಆಫೀಸಿಗೆ ಹಾಕುವ ಸೂಟಿಗೂ ಇದಕ್ಕೂ ಭಾಗಭಾಗದಲ್ಲಿ ವ್ಯತ್ಯಾಸವಿದೆ.

ಕೋಟಿನಿಂದಲೇ ಶುರು ಮಾಡಿದರೆ, ಎದೆಯ ಮೇಲೆ ಮಡಚಿ ಬರುವ ಪಟ್ಟಿಗೆ (ಲ್ಯಾಪೆಲ್) ರೇಷ್ಮೆ ಹೊದಿಕೆ ಇರಬೇಕು: ಹೊಳೆಯುವ ಸ್ಯಾಟಿನ್, ಇಲ್ಲವೇ ಸಣ್ಣ ಗೆರೆಗಳ ಗ್ರೋಗ್ರೇನ್. ಆಕಾರ ಎರಡೇ. ತುದಿ ಮೇಲಕ್ಕೆ ಚೂಪಾಗಿ ಎದ್ದ ಪೀಕ್, ಇಲ್ಲವೇ ಮೂಲೆಯೇ ಇಲ್ಲದೆ ಶಾಲಿನಂತೆ ಇಳಿದು ಬರುವ ಶಾಲ್. ಆಫೀಸ್ ಕೋಟಿನಲ್ಲಿರುವ ತ್ರಿಕೋನದ ಕಚ್ಚು ಇಲ್ಲಿ ಸಲ್ಲದು. ಮುಂದೆ ಒಂದೇ ಗುಂಡಿ, ಗುಂಡಿಗೂ ಅದೇ ರೇಷ್ಮೆ ಹೊದಿಕೆ. ಜೇಬಿಗೆ ಮುಚ್ಚಳ ಇರಬಾರದು, ಬರೀ ಸೀಳು ಜೇಬು. ಹಿಂದೆ ಸೀಳು ಬೇಡ. ಇದ್ದರೂ ಎರಡು ಪಕ್ಕದಲ್ಲಿ ಇರಲಿ, ನಡುವೆ ಒಂದು ಇರುವುದು ಕುದುರೆ ಸವಾರಿಯ ಕೋಟಿನದು.

ಪ್ಯಾಂಟಿನ ಹೊರಗಿನ ಹೊಲಿಗೆಯ ಉದ್ದಕ್ಕೂ ರೇಷ್ಮೆಯ ಒಂದೇ ಪಟ್ಟಿ ಇರುತ್ತದೆ. ಬೆಲ್ಟ್ ಲೂಪ್ ಇರುವುದಿಲ್ಲ, ಹೆಗಲ ಮೇಲಿನ ಸಸ್ಪೆಂಡರ್ ಅಥವಾ ಸೊಂಟದ ಪಕ್ಕದ ಪಟ್ಟಿಯಲ್ಲೇ ನಿಲ್ಲಬೇಕು. ಕೆಳಗೆ ಮಡಿಕೆ ಇಲ್ಲ. ಸೊಂಟ ಮುಚ್ಚಲು ತಗ್ಗು ಕತ್ತಿನ ವೇಸ್ಟ್‌ಕೋಟು, ಇಲ್ಲವೇ ಕಮರ್‌ಬಂಡ್ ಎಂಬ ಅಗಲವಾದ ನೆರಿಗೆ ಪಟ್ಟಿ. ಇದು ನಮ್ಮ ಕಮರ್‌ಬಂದ್‌ನಿಂದಲೇ ಇಂಗ್ಲಿಷರಿಗೆ ಹೋದದ್ದು. ಅದರ ನೆರಿಗೆಗಳ ಬಾಯಿ ಮೇಲಕ್ಕೆ ಇರಬೇಕು. ಅಂಗಿ ಬಿಳಿ, ಎದೆಯ ಭಾಗ ದಪ್ಪ ನೇಯ್ಗೆಯ ಮಾರ್ಸೆಲ್ಲಾ ಅಥವಾ ಸಣ್ಣ ನೆರಿಗೆ, ಮಡಚುವ ಎರಡು ಪದರದ ಕಫ್. ಬೋ (ಚಿಟ್ಟೆಯಾಕಾರದ ಗಿಡ್ಡ ಟೈ) ಕೈಯಲ್ಲಿ ಕಟ್ಟಿದ್ದು. ಶೂ ಲೇಸ್ ಕಟ್ಟುವ ಕರಿ ಆಕ್ಸ್‌ಫರ್ಡ್, ಕನ್ನಡಿಯಂತೆ ಪಾಲಿಶ್ ಆಗಿರಬೇಕು. ಕಾಲುಚೀಲ ಕರಿಯದು, ಮೊಣಕಾಲಿನ ಹತ್ತಿರದವರೆಗೆ ಬರುವಂಥದು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಡಿನ್ನರ್ ಜಾಕೆಟ್ಟನ್ನು ಸಾಮಾನ್ಯ ಸೂಟಾಗಿಯೂ, ಸಾಮಾನ್ಯ ಸೂಟನ್ನು ಡಿನ್ನರ್ ಜಾಕೆಟ್ಟಾಗಿಯೂ ಬಳಸಲು ಬರುವುದಿಲ್ಲ. ಆ ಜಾತಿಯಲ್ಲಿ ಎರಡೂ ಕಡೆ ನಡೆಯುವ ಒಂದೇ ಸೂಟು ಇಲ್ಲ. ಆದರೆ ನಿಮ್ಮ ಕಾರ್ಡಿನಲ್ಲಿ ‘ಆರ್ ನ್ಯಾಷನಲ್ ಡ್ರೆಸ್’ ಎಂಬ ಮೂರು ಪದಗಳಿವೆ. ಅವು ಬಹಳ ಬೆಲೆಯವು.

ಉಣ್ಣೆನೂಲು

ಆ ಅಂಗಡಿಯ ‘ಟಕ್ಸಿಡೊ’ ಬಗ್ಗೆ ಒಂದು ಮಾತು. ಬೆಂಗಳೂರಿನ ಮದುವೆ ಬಟ್ಟೆಯ ಅಂಗಡಿಗಳಲ್ಲಿ ಪಟ್ಟಿಯ ಮೇಲೆ ಸ್ಯಾಟಿನ್ ಬಿದ್ದ ಯಾವ ಕೋಟಿಗೂ ಟಕ್ಸಿಡೊ ಎಂದೇ ಹೆಸರು: ಮೆರೂನ್, ಬಾಟಲಿ ಹಸಿರು, ವೆಲ್ವೆಟ್, ಬ್ರೋಚು ಚುಚ್ಚಿದ್ದು, ಸರ ಜೋತಾಡುವುದು. ರಿಸೆಪ್ಷನ್ ವೇದಿಕೆಯ ಮೇಲೆ ವರನಿಗೆ ಅದು ಶೋಭೆ. ಲಂಡನ್ನಿನ ಊಟದ ಮೇಜಿನಲ್ಲಿ ಅತಿಥಿಗೆ ಅಲ್ಲ.

ಕಡುನೀಲಿ ಎಂದ ಮಾತ್ರಕ್ಕೆ ತಪ್ಪಲ್ಲ. ಮಿಡ್‌ನೈಟ್ ಬ್ಲೂ ಎಂಬುದು ಡಿನ್ನರ್ ಜಾಕೆಟ್ಟಿಗೆ ಒಪ್ಪಿತವಾದ ಬಣ್ಣವೇ; ವಿದ್ಯುತ್ ದೀಪದ ಕೆಳಗೆ ಕರಿ ಬಟ್ಟೆ ಕೆಲವೊಮ್ಮೆ ಮಾಸಲು, ಹಸಿರು ಛಾಯೆಯಲ್ಲಿ ಕಾಣುತ್ತದೆ, ಮಿಡ್‌ನೈಟ್ ಬ್ಲೂ ಅದಕ್ಕಿಂತ ಗಾಢವಾಗಿ ಕಾಣುತ್ತದೆ. ಡ್ಯೂಕ್ ಆಫ್ ವಿಂಡ್ಸರ್ (ಸಿಂಹಾಸನ ಬಿಟ್ಟುಕೊಟ್ಟ ಇಂಗ್ಲೆಂಡಿನ ದೊರೆ ಎಂಟನೇ ಎಡ್ವರ್ಡ್) ಅದನ್ನು ಜನಪ್ರಿಯ ಮಾಡಿದ್ದು ಇದೇ ಕಾರಣಕ್ಕೆ. ಆದರೆ ಅದು ನೇವಿ ಬ್ಲೂ ಅಲ್ಲ. ಪರೀಕ್ಷೆ ಸುಲಭ: ಬಟ್ಟೆಯನ್ನು ಟ್ಯೂಬ್‌ಲೈಟ್ ಕೆಳಗೆ ನಿಮ್ಮ ಕರಿ ಶೂ ಪಕ್ಕ ಹಿಡಿಯಿರಿ. ‘ನೀಲಿ’ ಎಂದು ತಟ್ಟನೆ ಬಾಯಿಗೆ ಬಂದರೆ ಅದು ನೇವಿ. ಬಾಗಿಲ ಬಳಿ ಹಗಲು ಬೆಳಕಿಗೆ ಒಯ್ದಾಗ ಮಾತ್ರ ನೀಲಿ ಕಾಣಿಸಿದರೆ ಮಿಡ್‌ನೈಟ್.

ರೆಡಿಮೇಡಿನಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಒಳಗಿರುತ್ತದೆ. ಎದೆಯ ಭಾಗ ನಿಲ್ಲಲು ಒಳಗೊಂದು ಪದರ ಬೇಕು. ಒಳ್ಳೆಯ ಕೋಟಿನಲ್ಲಿ ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸ್ ಇಟ್ಟು ಸಡಿಲವಾಗಿ ಹೊಲಿದಿರುತ್ತಾರೆ. ಅಗ್ಗದ ಕೋಟಿನಲ್ಲಿ ಗೋಂದಿನ ಫ್ಯೂಸಿಂಗ್ ಇಟ್ಟು ಬಿಸಿಗೆ ಒತ್ತಿ ಅಂಟಿಸಿರುತ್ತಾರೆ. ಕೆಲವು ಡ್ರೈಕ್ಲೀನ್ ಆದ ಮೇಲೆ ಗೋಂದು ಅಲ್ಲಲ್ಲಿ ಬಿಟ್ಟು, ಎದೆಯ ಮೇಲೆ ಸಣ್ಣಸಣ್ಣ ಗುಳ್ಳೆ ಏಳುತ್ತವೆ. ಅದಕ್ಕೆ ರಿಪೇರಿ ಇಲ್ಲ. ನೋಡುವ ಬಗೆ: ಕೆಳಗಿನ ಕಾಜಾದ ಕೆಳಗೆ ಹೊರಬಟ್ಟೆಯನ್ನು ಒಂದು ಕೈಯಲ್ಲಿ, ಲೈನಿಂಗನ್ನು ಇನ್ನೊಂದು ಕೈಯಲ್ಲಿ ಚಿವುಟಿ ಹಿಡಿದು ಎರಡನ್ನೂ ಬೇರೆಬೇರೆಯಾಗಿ ಎಳೆಯಿರಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಜಾರಾಡಿದರೆ ಕ್ಯಾನ್ವಾಸ್. ಎರಡೇ ಪದರ ಸಿಕ್ಕಿ, ಹೊರಗಿನದು ಕಾಗದದಂತೆ ಸೆಟೆದಿದ್ದರೆ ಫ್ಯೂಸಿಂಗ್.

ಕಾಜಾಗುಂಡಿ

ಸೂಜಿದಾರ ಅವರ ಪಟ್ಟಿ ಸರಿ. ಆದರೆ ನೀಲಿಕೋಟು ಅವರು ವರ್ಷಕ್ಕೆ ಒಂದು ಸಲವೂ ಬ್ಲ್ಯಾಕ್ ಟೈ ಊಟಕ್ಕೆ ಹೋಗುವವರಲ್ಲದಿದ್ದರೆ ಡಿನ್ನರ್ ಜಾಕೆಟ್ ಹೊಲಿಸುವುದೇ ಬೇಡ. ಲಂಡನ್ನಿನಲ್ಲಿ ಬಾಡಿಗೆಗೆ ಧಾರಾಳ ಸಿಗುತ್ತದೆ. ಎದೆ, ಸೊಂಟ, ಕಾಲಿನ ಒಳ ಅಳತೆ, ಕತ್ತು, ಶೂ ಅಳತೆ ಮೊದಲೇ ಕಳಿಸಿ, ಊಟದ ಹಿಂದಿನ ದಿನವೇ ಹೋಗಿ ಹಾಕಿ ನೋಡಿ. ಅದೇ ದಿನ ಹೋದರೆ ತೋಳಿನ ಉದ್ದ ಸರಿಯಿಲ್ಲದಿದ್ದಾಗ ಬದಲಿಗೆ ಸಮಯ ಇರುವುದಿಲ್ಲ. ಬಾಡಿಗೆಯ ಅಂಗಿ ಮಾತ್ರ ಬೇಡ. ಅಂಗಿ, ಬೋ, ಕಫ್‌ಲಿಂಕ್ ಸ್ವಂತದ್ದಿರಲಿ. ಮುಖದ ಹತ್ತಿರ ಕಾಣುವುದೆಲ್ಲ ಅವೇ.

ಒಂದು ವಿಷಯ ಕಡ್ಡಾಯ. ಅರೆಬರೆ ಬ್ಲ್ಯಾಕ್ ಟೈ ಬೇಡವೇ ಬೇಡ. ಆಫೀಸಿನ ಕರಿ ಸೂಟಿಗೆ ಬೋ ಸಿಕ್ಕಿಸಿಕೊಂಡು, ಬೆಲ್ಟ್ ಕಾಣಿಸುತ್ತಾ, ಮಾಮೂಲಿ ಅಂಗಿಯ ಪ್ಲಾಸ್ಟಿಕ್ ಗುಂಡಿ ಹೊಳೆಯುತ್ತಾ ಹೋದರೆ ಕಾರ್ಡು ಓದಿಲ್ಲ ಅನ್ನಿಸುತ್ತದೆ. ಕರೆದವರು ಒಂದು ಸಾಲಿನಲ್ಲಿ ಕೇಳಿಕೊಂಡಿದ್ದನ್ನು ನಡೆಸಿಕೊಡುವುದು ಅತಿಥಿಯ ಕಡೆಯ ಮರ್ಯಾದೆ.

ಮೈಸೂರುಪೇಟ

ಕಾರ್ಡಿನಲ್ಲಿ ‘ನ್ಯಾಷನಲ್ ಡ್ರೆಸ್’ ಎಂದು ಅಚ್ಚಾಗಿರುವಾಗ ಬಾಡಿಗೆ ಕೋಟಿನ ಮಾತೇಕೆ? ಕತ್ತಿನವರೆಗೂ ಗುಂಡಿ ಹಾಕುವ ಕರಿ ಬಂದ್‌ಗಲಾ ಹೊಲಿಸಿ. ನಮ್ಮ ಕಡೆ ಹಳಬರು ಕ್ಲೋಸ್ ಕೋಟು ಎನ್ನುವುದು ಇದಕ್ಕೇ. ದರ್ಜಿಗಳು ಜೋಧಪುರಿ ಎಂದರೂ ಅದೇ. ಲಂಡನ್ನಿನ ಊಟಕ್ಕೆ ಅದು ಪೂರ್ತಿ ಸಲ್ಲುತ್ತದೆ, ಜನವರಿಯ ರಿಸೆಪ್ಷನ್ನಿಗೂ ಸಲ್ಲುತ್ತದೆ. ಪ್ರಶ್ನೆಯಲ್ಲಿ ಕೇಳಿದ ‘ಎರಡಕ್ಕೂ ಒಂದೇ’ ಎಂಬುದಕ್ಕೆ ಇದೊಂದೇ ಉತ್ತರ.

ಇದೇನೂ ಹೊಂದಿಸಿಕೊಂಡು ಹೋಗುವ ಉಪಾಯವಲ್ಲ. ಮೈಸೂರು ದರ್ಬಾರಿನ ಉಡುಪೇ ಉದ್ದನೆಯ ಕರಿ ಕೋಟು, ಬಿಳಿ ಪ್ಯಾಂಟು, ತಲೆಗೆ ಜರಿಪೇಟ. ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ ನೋಡಿ: ಸೂಟು, ಟೈ, ತಲೆಯ ಮೇಲೆ ಮೈಸೂರು ಪೇಟ. ಎರಡೂ ಸಂಪ್ರದಾಯ ಅಷ್ಟು ಸಲೀಸಾಗಿ ಕೂಡಿಕೊಂಡಿವೆ. ಜರಿ ಅಂಚಿನ ಪಂಚೆ, ಶಲ್ಯ, ಮೇಲೆ ಕ್ಲೋಸ್ ಕೋಟು ಹಾಕಿ ಹೋದರೂ ಅದು ನ್ಯಾಷನಲ್ ಡ್ರೆಸ್ಸೇ.

ಕಾಜಾಗುಂಡಿ

ಪೇಟ ಸರ್, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಒಂದು ಷರತ್ತು ಸೇರಿಸಬೇಕು. ಕಾರ್ಡಿನಲ್ಲಿ ಅಚ್ಚಾಗಿದ್ದರೆ ಮಾತ್ರ ಹಾಗೇ ಹೋಗಿ. ಬರೀ ‘ಬ್ಲ್ಯಾಕ್ ಟೈ’ ಎಂದಿದ್ದರೆ ಎರಡು ಸಾಲಿನ ಮೇಲ್ ಬರೆದು ಕೇಳಿಕೊಳ್ಳುವುದು ಒಳ್ಳೆಯದು. ಬಹುಪಾಲು ಕಡೆ ಸಂತೋಷವಾಗಿ ಒಪ್ಪುತ್ತಾರೆ. ಇನ್ನು ‘ನ್ಯಾಷನಲ್ ಡ್ರೆಸ್’ ಎಂಬ ಹೆಸರಿನಲ್ಲಿ ಮಾಸಿದ ಕುರ್ತಾ, ನೆಹರೂ ಜಾಕೆಟ್, ಜೀನ್ಸ್ ಹಾಕಿ ಹೋಗುವವರೂ ಇದ್ದಾರೆ. ಅದು ತಪ್ಪು. ಉಳಿದವರು ರೇಷ್ಮೆ ಪಟ್ಟಿಯ ಕೋಟಿನಲ್ಲಿರುವಾಗ ನಮ್ಮ ಉಡುಪೂ ಅದೇ ಎತ್ತರದ್ದಾಗಿರಬೇಕು.

ಪಂಚೆಯ ಬಗ್ಗೆ: ಡಿಸೆಂಬರ್ ಲಂಡನ್ನಿನಲ್ಲಿ ಒಳಗೆ ಬಿಳಿಯ ಥರ್ಮಲ್ ಹಾಕಿ ಕಚ್ಚೆ ಉಟ್ಟರೆ ಚಳಿ ತಡೆಯುತ್ತದೆ. ಸಡಿಲ ಪಂಚೆ ಉಟ್ಟು ಮಳೆಯ ಫುಟ್‌ಪಾತಿನಲ್ಲಿ ನಡೆದರೆ ಜರಿ ಅಂಚು ಒದ್ದೆಯಾಗಿ ಕೆಸರು ಹಿಡಿಯುತ್ತದೆ. ಬಾಗಿಲಿನಿಂದ ಬಾಗಿಲಿಗೆ ಕಾರು ಇದ್ದರೆ ಮಾತ್ರ.

ನೀಲಿಕೋಟು

ಬಹಳ ಉಪಕಾರವಾಯಿತು. ಬಂದ್‌ಗಲಾ ಎಂದೇ ತೀರ್ಮಾನಿಸಿದೆ. ಬಟ್ಟೆ ಯಾವುದು, ಎಷ್ಟು ಮೀಟರ್, ದರ್ಜಿಯ ಹತ್ತಿರ ಏನೇನು ಹೇಳಬೇಕು? ಚಳಿಗೆಂದು ದಪ್ಪ ಬಟ್ಟೆ ತೆಗೆದುಕೊಳ್ಳಲೇ?

ಉಣ್ಣೆನೂಲು

ದಪ್ಪ ಬೇಡ ಸರ್. ಅಲ್ಲಿ ಸಭಾಂಗಣದೊಳಗೆ ಹೀಟಿಂಗ್ ಇರುತ್ತದೆ, ನೂರಾರು ಜನ, ಬಿಸಿ ಊಟ. ಮೇಲಿನವರೆಗೂ ಗುಂಡಿ ಹಾಕಿದ ಕೋಟಿನಲ್ಲಿ ದಪ್ಪ ಉಣ್ಣೆಯಿದ್ದರೆ ಸೂಪು ಮುಗಿಯುವಷ್ಟರಲ್ಲಿ ಬೆವರುತ್ತೀರಿ. ಚಳಿಯನ್ನು ಓವರ್‌ಕೋಟಿಗೆ ಬಿಡಿ. ಅದು ಒಳಕೋಟಿಗಿಂತ ಉದ್ದವಿರಬೇಕು, ಮೊಣಕಾಲಿನವರೆಗೆ ಬಂದರೆ ಚೆನ್ನ, ಬಾಗಿಲಲ್ಲೇ ತೆಗೆದುಕೊಡುತ್ತೀರಿ.

ತೂಕ ಕೇಳುವಾಗ ಒಂದು ಗೊಂದಲ ಇದೆ. ಇಂಗ್ಲಿಷ್ ಮಿಲ್ಲುಗಳು ಗಜಕ್ಕೆ ಇಷ್ಟು ಔನ್ಸ್ ಎನ್ನುತ್ತವೆ, ನಮ್ಮವರು ಮೀಟರಿಗೆ ಇಷ್ಟು ಗ್ರಾಂ ಎನ್ನುತ್ತಾರೆ, ಇನ್ನು ಕೆಲವರು ಚದರ ಮೀಟರಿನ ಲೆಕ್ಕ ಹೇಳುತ್ತಾರೆ. ಬಟ್ಟೆಯ ಅಗಲ ಸುಮಾರು 150 ಸೆಂ.ಮೀ. ಆದ್ದರಿಂದ ಮೀಟರಿಗೆ 280 ಗ್ರಾಂ ಎಂದರೆ ಚದರ ಮೀಟರಿಗೆ 187 ಗ್ರಾಂ ಮಾತ್ರ. ಯಾವ ಲೆಕ್ಕ ಎಂದು ಕೇಳದೆ ತೂಕ ಹೋಲಿಸಬೇಡಿ. ಗಜಕ್ಕೆ ಒಂದು ಔನ್ಸ್ ಅಂದರೆ ಉದ್ದದ ಒಂದು ಮೀಟರಿಗೆ ಹೆಚ್ಚುಕಡಿಮೆ 31 ಗ್ರಾಂ. ನಿಮಗೆ ಬೇಕಾದದ್ದು 9 ಔನ್ಸ್, ಅಂದರೆ 280 ಗ್ರಾಂ ಆಸುಪಾಸು. ಬೆಂಗಳೂರಿನ ಜನವರಿಗೂ ಅದು ಸರಿ. 7 ಔನ್ಸಿಗೆ ಇಳಿದರೆ ಕೂತೆದ್ದಾಗ ತೊಡೆಯ ಮೇಲೆ ಸುಕ್ಕು ನಿಲ್ಲುತ್ತದೆ, ಪ್ಯಾಂಟು ನೇರ ಇಳಿಯುವುದಿಲ್ಲ.

‘ಸೂಪರ್ 150’ ಎಂದು ಆಸೆ ಹುಟ್ಟಿಸುತ್ತಾರೆ. ಆ ಅಂಕಿ ಉಣ್ಣೆಯ ಎಳೆ ಎಷ್ಟು ಸಪೂರ ಎಂದು ಹೇಳುತ್ತದೆ, ಎಷ್ಟು ಗಟ್ಟಿ ಎಂದಲ್ಲ. ಸೂಪರ್ 100ಕ್ಕೆ ಉಣ್ಣೆಯ ಎಳೆ 18.75 ಮೈಕ್ರಾನ್ ಮೀರಬಾರದು, 120ಕ್ಕೆ 17.75, 150ಕ್ಕೆ 16.25. ಎಳೆ ಸಪೂರವಾದಷ್ಟೂ ಮುಟ್ಟಲು ಮೆದು, ಆದರೆ ಬೇಗ ಸವೆಯುತ್ತದೆ, ಸುಕ್ಕಿನಿಂದ ಮೇಲೇಳುವುದೂ ನಿಧಾನ. ವಿಮಾನದಲ್ಲಿ ಹೋಗಿಬರುವ ಕೋಟಿಗೆ 100ರಿಂದ 120 ಸಾಕು. ಕರಿ ಬಟ್ಟೆಯಲ್ಲಿ ಬರಾಥಿಯಾ ನೇಯ್ಗೆ ಸಿಕ್ಕರೆ ಬಿಡಬೇಡಿ. ಹರಳು ಹರಳಾದ ಮೈ, ಹೊಳಪಿಲ್ಲ, ರಾತ್ರಿ ಬೆಳಕಿನಲ್ಲಿ ಗಾಢವಾಗಿ ಕಾಣುತ್ತದೆ. ಸಿಗದಿದ್ದರೆ ಸಾದಾ ಟ್ವಿಲ್.

ಉಣ್ಣೆಯೋ ಟೆರಿವುಲ್ಲೋ ಎಂಬ ಅನುಮಾನವಿದ್ದರೆ ಅಂಚಿನಿಂದ ನಾಲ್ಕೈದು ದಾರ ಎಳೆದು ಅಂಗಡಿಯ ಹೊರಗೆ ಬೆಂಕಿಕಡ್ಡಿ ತಾಗಿಸಿ. ಶುದ್ಧ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ದಾರವನ್ನು ಚಿಮಟದಲ್ಲಿ ಹಿಡಿಯಿರಿ, ಕರಗಿದ ಪಾಲಿಯೆಸ್ಟರ್ ಬೆರಳಿಗೆ ಅಂಟಿದರೆ ಸುಡುತ್ತದೆ.

ಸೂಜಿದಾರ

ಬಟ್ಟೆಯ ಲೆಕ್ಕ: ಸಾಧಾರಣ ಮೈಕಟ್ಟಿಗೆ ಕೋಟು, ಪ್ಯಾಂಟು ಸೇರಿ 3.25 ಮೀಟರ್. ಆರಡಿ ಮೇಲಿದ್ದರೆ ಅಥವಾ ಹೊಟ್ಟೆ ಇದ್ದರೆ 3.5. ಸಾಧ್ಯವಾದರೆ ಅದೇ ಥಾನಿನಿಂದ ಇನ್ನೊಂದು 1.25 ಮೀಟರ್ ತೆಗೆದುಕೊಂಡು ಎರಡನೇ ಪ್ಯಾಂಟು ಹೊಲಿಸಿ. ಮೊದಲು ಸವೆಯುವುದು ಪ್ಯಾಂಟೇ, ಆಮೇಲೆ ಹುಡುಕಿದರೆ ಅದೇ ಕಪ್ಪು ಸಿಗುವುದಿಲ್ಲ. ಕಪ್ಪಿನಲ್ಲಿ ಎಷ್ಟು ಬಗೆಯಿದೆ ಎಂಬುದು ಎರಡು ಥಾನುಗಳನ್ನು ಪಕ್ಕದಲ್ಲಿ ಹಾಸಿದಾಗಲೇ ಗೊತ್ತಾಗುವುದು.

ದರ್ಜಿಗೆ ಹೇಳಬೇಕಾದದ್ದು. ಕಾಲರಿನ ಎತ್ತರ 4ರಿಂದ 4.5 ಸೆಂ.ಮೀ., ಕತ್ತು ಗಿಡ್ಡವಿದ್ದರೆ 3.5. ಕಾಲರಿನ ಒಳಗೆ ಗಟ್ಟಿ ಕ್ಯಾನ್ವಾಸ್, ಮುಂದೆ ಕೊಕ್ಕೆ. ಕೊಕ್ಕೆ ಹಾಕಿದ ಮೇಲೆ ಒಂದು ಬೆರಳು ಸಲೀಸಾಗಿ ಆಡಬೇಕು. ಆಡದಿದ್ದರೆ ಊಟ ನುಂಗುವಾಗ ಒತ್ತುತ್ತದೆ, ಎರಡು ಬೆರಳು ಹಿಡಿದರೆ ಕಾಲರ್ ಮುಂದಕ್ಕೆ ಬಾಗಿ ಬಾಯಿ ತೆರೆದಂತೆ ಕಾಣುತ್ತದೆ. ಒಳಗಿನ ಅಂಗಿ ಬಿಳಿ, ಪಟ್ಟಿ ಕಾಲರಿನದು. ಕೋಟಿನ ಕಾಲರಿನ ಮೇಲೆ ಅರ್ಧ ಸೆಂಟಿಮೀಟರ್ ಬಿಳಿ ಅಂಚು ಇಣುಕಬೇಕು. ಆ ಸಣ್ಣ ಬಿಳಿ ಗೆರೆಯೇ ಇಡೀ ಉಡುಪಿಗೆ ಕಳೆ ಕೊಡುವುದು, ಜೊತೆಗೆ ಕುತ್ತಿಗೆಯ ಬೆವರು ಉಣ್ಣೆಗೆ ತಾಗದಂತೆ ಕಾಯುವುದೂ ಅದೇ.

ಬಟ್ಟೆಯಿಂದಲೇ ಹೊದಿಸಿದ ಗುಂಡಿ ಅಥವಾ ಕರಿ ಕೊಂಬಿನ ಗುಂಡಿ ಲಂಡನ್ನಿಗೆ. ರಿಸೆಪ್ಷನ್ನಿಗೆ ಬೇಕಾದರೆ ಬೆಳ್ಳಿಯ ಅಥವಾ ಬಂಗಾರದ ಬಣ್ಣದ ಗುಂಡಿ ಹಾಕಿಸಬಹುದು. ಹೊಲಿಸುವಾಗಲೇ ಹೇಳಿದರೆ ಗುಂಡಿಯ ಜಾಗದಲ್ಲೂ ಕಾಜಾ ಮಾಡಿ, ಹಿಂದಿನಿಂದ ರಿಂಗ್ ಹಾಕಿ ಕಳಚುವ ಗುಂಡಿ ಇಡುತ್ತಾರೆ. ಮೇಲೆ ಜರಿ ಶಲ್ಯ ಬಂದರೆ ಅದೇ ಕೋಟು ಬೇರೆಯದೇ ಆಗಿ ಕಾಣುತ್ತದೆ.

ಏಳು ವಾರವನ್ನು ಹೀಗೆ ಹಂಚಿಕೊಳ್ಳಿ: ಮೊದಲ ವಾರ ಬಟ್ಟೆ, ಅಳತೆ. ಅಳತೆ ಕೊಡುವ ದಿನವೇ ಊಟಕ್ಕೆ ಹಾಕುವ ಶೂ ಕಾಲಲ್ಲಿರಲಿ. ಮೂರನೇ ವಾರ ಕಚ್ಚಾ ಹೊಲಿಗೆಯ ಟ್ರಯಲ್. ಐದನೇ ವಾರ ಎರಡನೇ ಟ್ರಯಲ್. ಆರನೇ ವಾರ ಕೈಗೆ. ಏಳನೆಯದನ್ನು ಯಾರಿಗೂ ಹೇಳದೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನವೆಂಬರ್, ಡಿಸೆಂಬರ್ ಮದುವೆ ಕಾಲ, ದರ್ಜಿಗಳ ಕೈಯಲ್ಲಿ ಕೆಲಸ ರಾಶಿ ಇರುತ್ತದೆ.

ಕಾಜಾಗುಂಡಿ

ಟ್ರಯಲ್ ದಿನ ಕನ್ನಡಿ ಮುಂದೆ ನೆಟ್ಟಗೆ ನಿಂತು ‘ಚೆನ್ನಾಗಿದೆ’ ಎಂದು ಬಂದುಬಿಡುವುದೇ ಮುಂದಿನ ಎಲ್ಲ ತೊಂದರೆಯ ಮೂಲ. ಮೊದಲು ಭುಜ ನೋಡಿ. ತೋಳು ಸೇರುವ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲೇ ಬೀಳಬೇಕು. ಹೊರಗೆ ಹೋದರೆ ತೋಳಿನ ಮೇಲ್ಭಾಗದಲ್ಲಿ ಗುಳಿ ಬೀಳುತ್ತದೆ, ಒಳಗೆ ಬಂದರೆ ತೋಳು ಉಬ್ಬುತ್ತದೆ. ಬೇರೆ ಏನು ಬೇಕಾದರೂ ಆಲ್ಟರ್ ಮಾಡಬಹುದು, ಮುಗಿದ ಕೋಟಿನ ಭುಜ ಮಾತ್ರ ಬಿಚ್ಚಲು ಹೋಗಬಾರದು. ಆದ್ದರಿಂದ ಅದನ್ನು ಕಚ್ಚಾ ಹೊಲಿಗೆಯಲ್ಲೇ ಮುಗಿಸಿ.

ಆಮೇಲೆ ಯಾರಾದರೂ ಹಿಂದಿನಿಂದ ನೋಡಲಿ. ಕಾಲರ್ ಬುಡದಲ್ಲಿ ಅಡ್ಡ ಮಡಿಕೆ ಕಂಡರೆ ಬೆನ್ನಿನ ಉದ್ದ ಜಾಸ್ತಿ. ಕಾಲರ್ ಕುತ್ತಿಗೆಯಿಂದ ದೂರ ನಿಂತರೆ ಬೆನ್ನಿನ ಬಾಗು ಲೆಕ್ಕಕ್ಕೆ ಬಂದಿಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಇದು ಸಾಮಾನ್ಯ, ಏಕೆಂದರೆ ಅಳತೆ ಕೊಡುವಾಗ ಎದೆ ಸೆಟೆದು ನಿಂತಿರುತ್ತಾರೆ. ಅಳತೆಯ ದಿನ ನಿಮ್ಮ ಸಹಜ ನಿಲುವಿನಲ್ಲೇ ನಿಲ್ಲಿ. ಕೋಟಿನ ಉದ್ದ ಹಿಂಭಾಗವನ್ನು ಪೂರ್ತಿ ಮುಚ್ಚಬೇಕು. ತೋಳಿನ ಕೆಳಗೆ ಅಂಗಿಯ ಕಫ್ ಒಂದರಿಂದ ಒಂದೂವರೆ ಸೆಂಟಿಮೀಟರ್ ಕಾಣಬೇಕು.

ಇನ್ನು ಕೂತು ನೋಡುವುದು. ಓಪನ್ ಕೋಟಿನಲ್ಲಿ ಕೂರುವಾಗ ಗುಂಡಿ ಬಿಚ್ಚುತ್ತೇವೆ. ಬಂದ್‌ಗಲಾದಲ್ಲಿ ಆ ಅನುಕೂಲ ಇಲ್ಲ, ನಾಲ್ಕೂವರೆ ಗಂಟೆ ಎಲ್ಲ ಗುಂಡಿಯೂ ಹಾಕಿಯೇ ಇರುತ್ತವೆ. ಟ್ರಯಲ್ಲಿನಲ್ಲಿ ಎಲ್ಲ ಪಿನ್ನು ಹಾಕಿಸಿ, ಕುರ್ಚಿಯಲ್ಲಿ ಹತ್ತು ನಿಮಿಷ ಕೂತು, ಮೇಜಿನ ಮೇಲೆ ಕೈ ಚಾಚಿ, ಚಮಚ ಎತ್ತುವಂತೆ ಮಾಡಿ. ಹೊಟ್ಟೆಯ ಗುಂಡಿಯಿಂದ ಎರಡೂ ಕಡೆ ಗೆರೆ ಎಳೆದರೆ ಸೊಂಟದಲ್ಲಿ 1.5 ಸೆಂಟಿಮೀಟರ್ ಬಿಡಿಸಿ. ಕೈ ಎತ್ತಿದಾಗ ಇಡೀ ಕೋಟು ಮೇಲೆದ್ದು ಕಾಲರ್ ಗದ್ದಕ್ಕೆ ತಾಗಿದರೆ ಕಂಕುಳು ತೀರಾ ಕೆಳಗೆ ಕತ್ತರಿಸಿದೆ ಎಂದು ಅರ್ಥ. ಕಂಕುಳು ಮೇಲಿದ್ದಷ್ಟೂ ಕೈ ಸಲೀಸಾಗಿ ಆಡುತ್ತದೆ. ಸಡಿಲ ಇರಲಿ ಎಂದು ಕೆಳಗಿಳಿಸಿದರೆ ಉಲ್ಟಾ ಆಗುತ್ತದೆ. ಇದನ್ನು ಎಷ್ಟು ಹೇಳಿದರೂ ಗಿರಾಕಿಗಳು ನಂಬುವುದಿಲ್ಲ, ಆದರೆ ಹಾಕಿ ನೋಡಿದರೆ ತಕ್ಷಣ ತಿಳಿಯುತ್ತದೆ.

ಒಳಗೆ ಮಾರ್ಜಿನ್ ಬಿಡಿಸುವುದನ್ನೂ ಮರೆಯಬೇಡಿ: ಪಕ್ಕದ ಹೊಲಿಗೆಯಲ್ಲಿ 2.5 ಸೆಂ.ಮೀ., ಪ್ಯಾಂಟಿನ ಹಿಂಬದಿ ನಡುಹೊಲಿಗೆಯಲ್ಲಿ 4. ಐದು ವರ್ಷದ ನಂತರ ಅದೇ ಕೋಟನ್ನು ಉಳಿಸುವುದು ಈ ಬಟ್ಟೆಯೇ.

ಮಲೆನಾಡಹುಡುಗ

ಇಲ್ಲೇ ಕೇಳಿಬಿಡುತ್ತೇನೆ, ಬೇರೆ ಚರ್ಚೆ ತೆರೆಯುವುದು ಬೇಡ. ನನ್ನ ಕಾರ್ಡಿನಲ್ಲಿ ‘ಲೌಂಜ್ ಸೂಟ್’ ಎಂದಿದೆ. ಅದೂ ಇದೇನಾ? ಇನ್ನು ಬಾಡಿಗೆ ಡಿನ್ನರ್ ಜಾಕೆಟ್ ತೆಗೆದುಕೊಳ್ಳುವವರು ಬೋ ಕಟ್ಟುವುದು ಹೇಗೆ? ರೆಡಿ ಬೋ ಸಿಕ್ಕಿಸಿಕೊಂಡರೆ ಆಗದೇ?

ಸೂಜಿದಾರ

ಲೌಂಜ್ ಸೂಟ್ ಅಂದರೆ ನಮ್ಮ ಮಾಮೂಲಿ ಸೂಟೇ ತಮ್ಮಾ: ಒಂದೇ ಬಟ್ಟೆಯ ಕೋಟು-ಪ್ಯಾಂಟು, ಅಂಗಿ, ಉದ್ದ ಟೈ. ಸಂಜೆಗಾದರೆ ನೇವಿ ಅಥವಾ ಕಡು ಬೂದು, ಬಿಳಿ ಅಂಗಿ, ಕರಿ ಶೂ. ಟೈಯ ತುದಿ ಬೆಲ್ಟಿನ ಬಕಲ್ ಮುಟ್ಟಿ ನಿಲ್ಲಬೇಕು. ಕೋಟಿನ ಕೆಳಗಿನ ಗುಂಡಿ ಹಾಕಬಾರದು. ಅದನ್ನು ಹಾಕದೆ ಬಿಡುವಂತೆಯೇ ಕೋಟು ಕತ್ತರಿಸಿರುತ್ತಾರೆ, ಹಾಕಿದರೆ ಸೊಂಟದ ಕೆಳಗೆ ಎಳೆಯುತ್ತದೆ. ಹೊಸ ಕೋಟಾದರೆ ತೋಳಿನ ಮೇಲಿನ ಕಂಪನಿಯ ಪಟ್ಟಿ ಕಿತ್ತು ಹಾಕಿ, ಹಿಂದಿನ ಸೀಳಿಗೆ ಗುಣಾಕಾರ ಚಿಹ್ನೆಯಂತೆ ಹಾಕಿರುವ ದಾರವನ್ನೂ ಬಿಚ್ಚಿ. ಎರಡೂ ಅಂಗಡಿಯಲ್ಲಿರುವವರೆಗೆ ಮಾತ್ರ. ನಮ್ಮ ರಿಸೆಪ್ಷನ್‌ಗಳಲ್ಲಿ ವೇದಿಕೆ ಹತ್ತುವವರ ತೋಳಿನ ಮೇಲೂ ಆ ಪಟ್ಟಿ ಹಾಗೇ ಇರುವುದನ್ನು ಕಂಡಾಗ ನೋವಾಗುತ್ತದೆ, ಯಾರಾದರೂ ಮೊದಲೇ ಹೇಳಬಾರದಿತ್ತೇ ಎಂದು.

ಬೋ ಕಷ್ಟವಲ್ಲ. ಶೂ ಲೇಸಿಗೆ ಹಾಕುವ ಗಂಟೇ ಅದು, ಕತ್ತಿನಲ್ಲಿ ಹಾಕುತ್ತಿದ್ದೇವೆ ಅಷ್ಟೆ. ಮೊದಲ ಸಲ ತೊಡೆಗೆ ಕಟ್ಟಿಕೊಂಡು ಅಭ್ಯಾಸ ಮಾಡಿದರೆ ಕಣ್ಣಿಗೆ ಕಾಣುತ್ತದೆ. ಕತ್ತಿಗೆ ಹಾಕಿದಾಗ ಎಡತುದಿ ಬಲತುದಿಗಿಂತ ನಾಲ್ಕು ಸೆಂಟಿಮೀಟರ್ ಕೆಳಗಿರಲಿ. ಉದ್ದನೆಯದನ್ನು ಗಿಡ್ಡದರ ಮೇಲೆ ದಾಟಿಸಿ, ಕತ್ತಿನ ಬಳಿ ಕೆಳಗಿನಿಂದ ಮೇಲಕ್ಕೆ ತೂರಿಸಿ ಬಿಗಿ ಮಾಡಿ. ಈಗ ಕೆಳಗೆ ಉಳಿದ ಗಿಡ್ಡ ತುದಿಯನ್ನು ಅಗಲವಿದ್ದಲ್ಲಿ ಮಡಚಿ ಅಡ್ಡಲಾಗಿ ಹಿಡಿಯಿರಿ. ಇದು ಬೋದ ಮುಂಭಾಗ. ಮೇಲಿರುವ ಉದ್ದ ತುದಿಯನ್ನು ಅದರ ನಟ್ಟನಡುವೆ ಮುಂದಿನಿಂದ ಕೆಳಕ್ಕೆ ಇಳಿಬಿಡಿ. ಇಳಿಬಿಟ್ಟದ್ದನ್ನು ಮಡಚಿ, ಆ ಮಡಿಕೆಯ ಮೂತಿಯನ್ನು ಮುಂಭಾಗದ ಹಿಂದೆ ಇರುವ ಸಂದಿಯಲ್ಲಿ ತೂರಿಸಿ. ಸಂದಿ ಸಿಗದೆ ಎಲ್ಲರೂ ತಡಕಾಡುವುದು ಇಲ್ಲೇ. ಎಡಗೈಯ ಹೆಬ್ಬೆರಳು, ತೋರುಬೆರಳಲ್ಲಿ ಬೋವನ್ನು ಮುಂದಕ್ಕೆ ಹಿಸುಕಿ ಹಿಡಿದರೆ ಸಂದಿ ತಾನಾಗಿ ತೆರೆಯುತ್ತದೆ. ಬಿಗಿ ಮಾಡಲು ಎರಡೂ ಕಡೆಯ ಮಡಿಕೆಗಳನ್ನು ಎಳೆಯಿರಿ. ಬಿಡಿ ತುದಿ ಎಳೆದರೆ ಗಂಟೇ ಬಿಚ್ಚಿಹೋಗುತ್ತದೆ.

ರೆಡಿ ಬೋ ತೀರಾ ಸಮನಾಗಿರುತ್ತದೆ, ದೂರದಿಂದಲೇ ತಿಳಿಯುತ್ತದೆ. ಕೈಯಲ್ಲಿ ಕಟ್ಟಿದ್ದು ಸ್ವಲ್ಪ ಓರೆಯಾದರೂ ಜೀವ ಇರುತ್ತದೆ. ಹತ್ತು ಸಲ ಕಟ್ಟಿದರೆ ಕೈಗೆ ಬರುತ್ತದೆ.

ಉಣ್ಣೆನೂಲು

ನೀಲಿಕೋಟು ಸರ್, ಪ್ರಯಾಣದ್ದೊಂದು ಉಳಿಯಿತು. ಕೋಟನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಡಿ, ಬ್ಯಾಗು ತಡವಾದರೆ ಊಟವೂ ಹೋಯಿತು. ಕೈಚೀಲದಲ್ಲೇ ಒಯ್ಯಲು ಹೀಗೆ ಮಡಚಿ: ಎಡಭುಜವನ್ನು ಒಳಹೊರಗು ತಿರುಗಿಸಿ, ಬಲಭುಜವನ್ನು ಅದರೊಳಗೆ ತೂರಿಸಿ, ಲೈನಿಂಗ್ ಹೊರಗೆ ಬರುವಂತೆ ಉದ್ದಕ್ಕೆ ಮಡಚಿ, ನಡುವೆ ಪ್ಯಾಂಟು ಇಟ್ಟು ಒಂದೇ ಸಲ ಅಡ್ಡ ಮಡಚಿ. ಬಂದ್‌ಗಲಾದ ಕಾಲರ್ ಚಪ್ಪಟೆಯಾಗದಂತೆ ಅದರೊಳಗೆ ಸುತ್ತಿದ ಕಾಲುಚೀಲ ಇಡಿ. ಹೋಟೆಲ್ ಮುಟ್ಟಿದ ಕೂಡಲೇ ದಪ್ಪ ಭುಜದ ಹ್ಯಾಂಗರಿಗೆ ಹಾಕಿ, ಬಾತ್‌ರೂಮಿನಲ್ಲಿ ಬಿಸಿನೀರಿನ ಹಬೆ ತುಂಬಿಸಿ ಹತ್ತು ನಿಮಿಷ ತೂಗುಬಿಟ್ಟು, ಆಮೇಲೆ ಹೊರಗೆ ಒಣಗಲು ಬಿಡಿ. ಉಣ್ಣೆಯ ಸುಕ್ಕು ಅಷ್ಟಕ್ಕೇ ಇಳಿಯುತ್ತದೆ. ಇಸ್ತ್ರಿ ಮಾಡಲೇಬೇಕಾದರೆ ಮೇಲೆ ಒದ್ದೆ ಹತ್ತಿಬಟ್ಟೆ ಹಾಕಿಯೇ ಒತ್ತಿ. ನೇರ ಇಸ್ತ್ರಿ ಇಟ್ಟರೆ ಕರಿ ಉಣ್ಣೆಯ ಮೇಲೆ ಹೊಳೆಯುವ ಕಲೆ ಬೀಳುತ್ತದೆ, ಅದನ್ನು ತೆಗೆಯುವುದು ಕಷ್ಟ.

ಊರಿಗೆ ಬಂದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ನಮ್ಮ ಮಳೆಗಾಲದಲ್ಲಿ ಒಳಗೆ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಪಂಚೆಯ ಚೀಲ ಹೊಲಿಸಿ ಹಾಕಿ, ನುಸಿಗುಳಿಗೆ ಬಟ್ಟೆಗೆ ತಾಗದಂತೆ ಬೀರುವಿನ ಮೂಲೆಯಲ್ಲಿರಲಿ. ಪ್ರತಿ ಸಲಕ್ಕೂ ಡ್ರೈಕ್ಲೀನ್ ಬೇಡ. ಒದ್ದೆ ಬಟ್ಟೆಯಲ್ಲಿ ಕಾಲರ್ ಒರೆಸಿ, ಬ್ರಷ್ ಮಾಡಿ, ಒಂದು ರಾತ್ರಿ ಗಾಳಿಗೆ ಬಿಟ್ಟರೆ ಸಾಕು.

ನೀಲಿಕೋಟು

ಬರಾಥಿಯಾ ಸಿಕ್ಕಿತು, 9 ಔನ್ಸ್, 4.5 ಮೀಟರ್ ತೆಗೆದುಕೊಂಡೆ. ದಾರ ಸುಟ್ಟು ನೋಡಿದೆ, ಪುಡಿಯಾಯಿತು. ನಾಳೆ ಶೂ ಹಾಕಿಕೊಂಡೇ ಅಳತೆಗೆ ಹೋಗುತ್ತೇನೆ. ಕಾಲರ್ 4 ಸೆಂ.ಮೀ. ಎಂದು ಬರೆಸುತ್ತೇನೆ, ಮೊದಲ ಟ್ರಯಲ್ ಆದ ಮೇಲೆ ಬೆನ್ನಿನ ಫೋಟೊ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.

ಕಾಜಾಗುಂಡಿ

ಹಾಕಿ ಸರ್. ಫೋಟೊ ಮೂರು ಬೇಕು: ನಿಂತು ಹಿಂದಿನಿಂದ, ನಿಂತು ಪಕ್ಕದಿಂದ, ಕೂತು ಮುಂದಿನಿಂದ. ಕ್ಯಾಮೆರಾ ನಿಮ್ಮ ಎದೆಯ ಮಟ್ಟದಲ್ಲಿರಲಿ, ಮೇಲಿನಿಂದ ತೆಗೆದರೆ ಭುಜದ ಹೊಲಿಗೆ ಎಲ್ಲಿ ಬಿದ್ದಿದೆ ಎಂದು ಸರಿಯಾಗಿ ಕಾಣುವುದಿಲ್ಲ.